ನೀರು ಕುಡಿಯದವಳ ಮಗಳು

ಗೋಕಾಕದಿಂದ ಮೂಡಲಗಿಗೂ ಹುಕ್ಕೇರಿಗೂ ಓಡುವ ಸರ್ಕಾರಿ ಬಸ್ಸಿನಲ್ಲಿ ನಾನು ಹನ್ನೆರಡು ವರ್ಷದಿಂದ ಕಂಡಕ್ಟರ್. ಈ ಕೆಲಸಕ್ಕೆ ಗಟ್ಟಿ ಗಂಟಲು ಬೇಕು, ಗಟ್ಟಿ ಕಾಲು ಬೇಕು ಎಂದು ಎಲ್ಲರೂ ಹೇಳುತ್ತಾರೆ. ಇನ್ನೊಂದು ಬೇಕು, ಅದನ್ನು ಯಾರೂ ಹೇಳುವುದಿಲ್ಲ. ಹೆಂಗಸಾದವಳು ಮೊದಲ ವಾರದಲ್ಲೇ ತಾನಾಗಿ ಕಲಿಯುತ್ತಾಳೆ. ಗಂಡಸು ಕಂಡಕ್ಟರನಿಗೆ ಮೂರು ತಾಲೂಕಿನ ತುಂಬ ಜಾಲಿಗಿಡಗಳಿವೆ, ಗೋಡೆಗಳಿವೆ, ಏನೂ ಇಲ್ಲದಿದ್ದರೆ ಬಸ್ಸಿನ ಹಿಂದಿನ ಗಾಲಿಯಿದೆ. ನನಗಿರುವುದು ನಿಲ್ದಾಣದ ಪಾಯಖಾನೆ, ಅದೂ ಬಸ್ಸು ನಿಂತ ಐದು ನಿಮಿಷದೊಳಗೆ ಮುಂದಿನ ಸಾಲು ಕರಗಿದರೆ. ಹೀಗಾಗಿ ನಾನು ನೀರನ್ನೇ ಬಿಟ್ಟೆ. ಮುಂಜಾನೆ ಅರ್ಧ ಕಪ್ಪು ಚಹಾ, ಮಧ್ಯಾಹ್ನ ರೊಟ್ಟಿ ಗಂಟಲಿಗೆ ಸಿಕ್ಕಿಕೊಂಡರೆ ಎರಡು ಗುಟುಕು, ಮತ್ತೆ ನೀರು ಕಾಣುವುದು ಮನೆಗೆ ಬಂದ ಮೇಲೆಯೇ.

ಈ ವಿದ್ಯೆಯ ಬಗ್ಗೆ ನನಗೆ ಜಂಬವಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರನ್ನು ಕೂರಿಸಿಕೊಂಡು, ಟಿಕೆಟ್ ಮಷಿನ್ ಹಿಡಿಯುವುದನ್ನು ಆಮೇಲೆ ಕಲಿಯಿರಿ, ಮೊದಲು ಬಾಟಲಿ ಮನೆಯಲ್ಲಿಟ್ಟು ಬರುವುದನ್ನು ಕಲಿಯಿರಿ ಎಂದು ಪಾಠ ಹೇಳುತ್ತಿದ್ದೆ. ನನ್ನ ಜೊತೆಗೆ ಬಸ್ಸು ಓಡಿಸುವ ಡ್ರೈವರ್ ಕಾಕಾ ನನಗೆ ಒಂಟೆ ಎಂದು ಹೆಸರಿಟ್ಟಿದ್ದರು. ನಾನು ಅದನ್ನು ಬಿರುದು ಎಂದೇ ತಿಳಿದುಕೊಂಡಿದ್ದೆ.

ಇಂಥ ಒಂಟೆಯ ಹೊಟ್ಟೆಯಲ್ಲಿ ಮೀನು ಹುಟ್ಟಿತು. ನನ್ನ ಮಗಳು ಮಾತು ಕಲಿಯುವ ಮೊದಲೇ ನೀರಿನ ಕೊಡ ಯಾವ ಮೂಲೆಯಲ್ಲಿದೆ ಎಂದು ಕಲಿತವಳು. ಕುಡಿಯುವುದು, ಹೋಗುವುದು, ಬಂದು ಮತ್ತೆ ಕುಡಿಯುವುದು. ಘೋಡಗೇರಿಯ ನಮ್ಮ ಮನೆಯಲ್ಲಿ ದಿನ ಬೆಳಗಾದರೆ ಅವಳು ಮಲಗಿದ ಕೌದಿ ಅಂಗಳದ ಗೋಡೆಯ ಮೇಲೆ ಒಣಗುತ್ತಿತ್ತು. ತೊಯ್ದ ಕೌದಿ ಎತ್ತುವುದೆಂದರೆ ಆಡಿನ ಮರಿ ಎತ್ತಿದಂತಲ್ಲ, ಎಮ್ಮೆಯ ಕರು ಎತ್ತಿದಂತೆ. ಹಾಲು ತರಲು ಹೊರಟ ಓಣಿಯ ಹೆಂಗಸರು ಗೋಡೆ ನೋಡಿ, ಇವತ್ತೂ ಮಳೆ ಆಗೇತಿ ಎಂದು ನಕ್ಕು ಮುಂದೆ ಹೋಗುತ್ತಿದ್ದರು. ಆರು ವರ್ಷವಾದರೂ ಆ ಮಳೆ ನಿಲ್ಲಲಿಲ್ಲ.

ಅತ್ತೆ ತಮಗೆ ಗೊತ್ತಿದ್ದ ಔಷಧಿಯನ್ನೆಲ್ಲ ಮಾಡಿದರು. ಕರಿ ಎಳ್ಳು ಬೆಲ್ಲ ಕುಟ್ಟಿ ಉಂಡೆ ಕಟ್ಟಿ ತಿನಿಸಿದರು. ಮಗಳು ಉಂಡೆಯನ್ನು ಇಷ್ಟಪಟ್ಟು ತಿಂದು, ಎಳ್ಳು ಗಂಟಲಿಗೆ ಹತ್ತಿತೆಂದು ಮೇಲೆ ಎರಡು ವಾಟಗ ನೀರು ಕುಡಿಯುತ್ತಿದ್ದಳು. ಕೊನೆಗೆ ಅತ್ತೆಯೂ ನಾನೂ ಸೇರಿ ಕಾನೂನು ಮಾಡಿದೆವು: ದೀಪ ಹಚ್ಚಿದ ಮೇಲೆ ನೀರಿಲ್ಲ. ನಾನು ಹನ್ನೆರಡು ತಾಸು ಇರಬಲ್ಲೆನಾದರೆ ಇವಳಿಗೇನು ದಾಡಿ ಎಂಬುದು ನನ್ನ ವಾದ. ಕೌದಿ ಮಾತ್ರ ತೊಯ್ಯುತ್ತಲೇ ಇತ್ತು, ಮತ್ತು ಅವಳು ಮುಂಜಾನೆ ತುಟಿ ಒಣಗಿಸಿಕೊಂಡು, ಕಾಲು ನೋವೆಂದು ಅಳುತ್ತ ಏಳುತ್ತಿದ್ದಳು.

ಆ ಕಾಲುನೋವೇ ನಮ್ಮನ್ನು ಬೆಳಗಾವಿಯ ತನಕ ಕರೆದುಕೊಂಡು ಹೋಯಿತು. ಬೆಳೆಯುವ ಮಕ್ಕಳ ನೋವು ಎಂದು ಎಣ್ಣೆ ತಿಕ್ಕಿ ತಿಕ್ಕಿ ವರ್ಷ ಕಳೆದ ಮೇಲೆ ಅಲ್ಲಿ ರಕ್ತ ನೋಡಿ ಸಿಕಲ್ ಸೆಲ್ ಎಂದರು. ರಕ್ತದ ಕೆಂಪು ಕಣಗಳು ದುಂಡಗಿರುವ ಬದಲು ಕುಡಗೋಲಿನ ಹಾಗೆ ಬಾಗಿಕೊಂಡು, ಸಣ್ಣ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುವ ರೋಗ. ಅಪ್ಪನಿಂದ ಅರ್ಧ, ಅವ್ವನಿಂದ ಅರ್ಧ ಕೂಡಿದಾಗ ಮಗುವಿಗೆ ಬರುತ್ತದೆ. ನಾನು ಮದುವೆಯಾದದ್ದು ಅಪ್ಪನ ಸ್ವಂತ ತಂಗಿಯ ಮಗನನ್ನು. ನೆಂಟಸ್ತನ ಬಿಟ್ಟುಹೋಗಬಾರದು ಎಂದು ಹಿರಿಯರು ಕೂಡಿಸಿದ್ದರು; ಅದರ ಜೊತೆಗೆ ಇದೂ ಕೂಡಿತ್ತು. ಅಂದು ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಮುಖಕ್ಕೆ ಸೆರಗು ಹಾಕಿಕೊಂಡು ಅತ್ತರು. ನಾನು ಅಳಲಿಲ್ಲ, ಸಿಕ್ಕ ಸಿಕ್ಕವರ ಮೇಲೆ ಸಿಟ್ಟು ಮಾಡಿದೆ. ನನಗೆ ದುಃಖ ಬಂದರೆ ಅದು ಹಾಗೆಯೇ ಹೊರಗೆ ಬರುವುದು.

ಡಾಕ್ಟರು ದಿನದ ಮಾತ್ರೆ ಬರೆದುಕೊಟ್ಟರು, ಚಳಿಗೆ ಒಡ್ಡಬೇಡಿ ಎಂದರು, ಜ್ವರ ಬಂದರೆ ತಡ ಮಾಡಬೇಡಿ ಎಂದರು, ನೀರು ಹೆಚ್ಚು ಕುಡಿಸಿ ಎಂದರು. ಮಾತ್ರೆಯನ್ನು ಗಡಿಯಾರ ನೋಡಿ ಕೊಟ್ಟೆವು. ಚಳಿಗೆ ಅತ್ತೆ ಎರಡೆರಡು ಟೊಪ್ಪಿಗೆ ಹಾಕಿದರು. ನೀರಿನ ಮಾತೊಂದು ಮಾತ್ರ ಈ ಕಿವಿಯಲ್ಲಿ ಬಂದು ಆ ಕಿವಿಯಲ್ಲಿ ಹೋಯಿತು. ನೀರು ಕುಡಿಯಿರಿ, ಕಾಯಿಪಲ್ಯ ತಿನ್ನಿ ಎಂದು ಡಾಕ್ಟರುಗಳು ಯಾರಿಗೆ ಹೇಳುವುದಿಲ್ಲ? ಕಾಲು ಮುರಿದುಕೊಂಡು ಹೋದವನಿಗೂ ಅದನ್ನೇ ಹೇಳುತ್ತಾರೆ.

ಹೋದ ವರ್ಷದ ಬೇಸಿಗೆಯಲ್ಲಿ ಮೂಡಲಗಿಯಲ್ಲಿ ನನ್ನ ತಮ್ಮನ ಮದುವೆ. ನಮ್ಮ ಮಂದಿ ಬುದ್ಧನ ದಾರಿಗೆ ಬಂದಾಗಿನಿಂದ ಮದುವೆಗೆ ಬಿಳಿ ಬಟ್ಟೆ. ವರನಿಗೂ ಬಿಳಿ, ವಧುವಿಗೂ ಬಿಳಿ, ಒಡಹುಟ್ಟಿದ ನಾವೂ ಬಿಳಿ. ಹಸಿರು ಸೀರೆ, ಹಳದಿ ಸೀರೆಯ ಮದುವೆ ನೋಡಿದವರಿಗೆ ನಮ್ಮ ಮದುವೆ ಬೇಗ ಮುಗಿದಂತೆ ಕಾಣಬಹುದು, ಆದರೆ ಆ ಬಿಳುಪನ್ನು ಊಟದ ತನಕ ಕಾಪಾಡುವುದು ಎಷ್ಟು ಕಷ್ಟ ಎಂದು ನಮಗೇ ಗೊತ್ತು. ಎಂಟು ವರ್ಷದ ಮಗಳಿಗೆ ಬಿಳಿ ಫ್ರಾಕು ಹೊಲಿಸಿದ್ದೆ. ಹೂವಿನ ಬುಟ್ಟಿ ಹಿಡಿದು ವೇದಿಕೆಯ ಮೇಲೆ ನಿಲ್ಲುವ ಕೆಲಸ ಅವಳದು. ತ್ರಿಶರಣ ಹೇಳುವಾಗ, ಎಲ್ಲರೂ ಕೈ ಮುಗಿದು ಸುಮ್ಮನೆ ನಿಂತಿರುವಾಗ, ಇವಳು ಕಿರುಬೆರಳು ಎತ್ತಿದರೆ ನನ್ನ ಗತಿಯೇನು? ಫ್ರಾಕು ತೊಯ್ದರೆ? ಇಡೀ ಮೂಡಲಗಿಯೇ ನೋಡುತ್ತದೆ.

ನಾನು ಮುಂಜಾನೆಯೇ ಅವಳ ಕೈಯಿಂದ ಬಾಟಲಿ ಕಸಿದು ಅಟ್ಟದ ಮೇಲೆ ಇಟ್ಟೆ. ಊಟ ಆಗುವ ತನಕ ನೀರಿಲ್ಲ ಎಂದೆ. ಅವಳು ಮೂರು ಸಲ ಬಂದು ಕೇಳಿದಳು. ಮೂರನೆಯ ಸಲ ಗದರಿಸಿದೆ. ಹೊರಗೆ ಬಿಸಿಲು ತಗಡಿನ ಮೇಲೆ ಸುಡುತ್ತಿತ್ತು. ಮಗಳು ವೇದಿಕೆಯ ಮೇಲೆ ಗೊಂಬೆಯ ಹಾಗೆ ನಿಂತಳು, ಫ್ರಾಕಿಗೆ ಒಂದು ಕಲೆ ಬೀಳಲಿಲ್ಲ, ಎಷ್ಟು ಶಾಣ್ಯಾ ಹುಡುಗಿ ಎಂದು ಎಲ್ಲರೂ ಹೊಗಳಿದರು. ನಾನು ಉಬ್ಬಿಹೋದೆ.

ಊಟ ಮುಗಿದು ಜನ ಕರಗುವ ಹೊತ್ತಿಗೆ ಅವಳು ಬಚ್ಚಲಿನಿಂದ ಬಂದು, ಅವ್ವಾ ಕೆಂಪಗ ಹೋತು ಎಂದಳು. ನಾನು ಬಾಯಿ ತೆರೆಯುವ ಮೊದಲೇ ನನ್ನ ದೊಡ್ಡವ್ವ ಕೇಳಿಸಿಕೊಂಡಿದ್ದಳು. ಹುಡುಗಿ ದೊಡ್ಡಾಕಿ ಆದಳು ಎಂದು ಅಲ್ಲಿಯೇ ಘೋಷಿಸಿಬಿಟ್ಟಳು. ಈಗಿನ ಕಾಲದ ಮಕ್ಕಳು ತಿನ್ನುವ ಬಿಸ್ಕೀಟಿನಿಂದ ಬೇಗ ಆಗುತ್ತದೆ ಎಂದು ಇನ್ನೊಬ್ಬಳು. ಮೂಲೆಯಲ್ಲಿ ಕೂರಿಸುವುದು, ಆರತಿ ಮಾಡುವುದು ಇವನ್ನೆಲ್ಲ ನಮ್ಮವರು ಬಿಟ್ಟು ಎಷ್ಟೋ ವರ್ಷವಾಯಿತು, ಆದರೆ ಕೊಬ್ಬರಿ, ಉತ್ತತ್ತಿಯ ಉಂಡೆ ತಿನಿಸುವುದನ್ನು ಬಿಟ್ಟಿಲ್ಲ; ಒಣಕೊಬ್ಬರಿ ತರಲು ಆಗಲೇ ಒಬ್ಬರು ಚಪ್ಪಲಿ ಮೆಟ್ಟಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಮಂದಿ.

ಮಗಳಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಅವಳು ನನ್ನದೇ ಮಗಳು. ಬಚ್ಚಲಿಗೆ ಹೋಗಿ ಒಂದು ಸ್ಟೀಲಿನ ವಾಟಗ ಹಿಡಿದುಕೊಂಡು ಬಂದು ಎಲ್ಲರ ನಡುವೆ ಇಟ್ಟಳು.

“ನೋಡ್ರಿ. ಇದು ಬರೇ ಉಚ್ಚಿ. ಉಚ್ಚೀನ ಕೆಂಪ ಆಗೇತಿ.”

ಅಂದು ಮದುವೆಯಲ್ಲಿ ಎಲ್ಲರಿಗೂ ಕೋಕಂ ಶರಬತ್ತು ಹಂಚಿದ್ದರು. ಬಣ್ಣ ಥೇಟ್ ಅದೇ. ಬಿಸಿಲಿನಲ್ಲಿ ಕುರ್ಚಿ ಎತ್ತಿಟ್ಟು ಒಳಗೆ ಬಂದ ನನ್ನ ಗಂಡ, ಇನ್ನೊಂದು ಉಳಿದೈತೇನು ಎಂದು ಕೈ ಚಾಚಿಯೇಬಿಟ್ಟರು. ಹೆಂಗಸರೆಲ್ಲ ಒಟ್ಟಿಗೆ ಕೂಗಿದ ಕೂಗಿಗೆ ಅವರು ಕೈ ಹಿಂದಕ್ಕೆಳೆದುಕೊಂಡು ಗೋಡೆಗೆ ಆನಿಕೊಂಡರು. ಎಲ್ಲರೂ ನಕ್ಕೆವು. ನಗುತ್ತಲೇ ನಾನು ಆ ವಾಟಗದೊಳಗೆ ಮತ್ತೊಮ್ಮೆ ನೋಡಿದೆ. ನಗು ಅಲ್ಲಿಗೇ ನಿಂತಿತು.

ಘಟಪ್ರಭಾದ ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿದವರು ವಯಸ್ಸಿನಲ್ಲಿ ನನಗಿಂತ ಸಣ್ಣ ಡಾಕ್ಟರಮ್ಮ. ಸಲಾಯಿನ್ ಹಚ್ಚಿಸಿ, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿ, ಆಮೇಲೆ ನನ್ನನ್ನು ಕೂರಿಸಿಕೊಂಡು, ಇವತ್ತು ಎಷ್ಟು ನೀರು ಕುಡಿದಿದ್ದಾಳೆ ಎಂದು ಕೇಳಿದರು. ನಾನು ಬಿಳಿ ಫ್ರಾಕಿನ ಕಥೆ ಹೇಳಿದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಎರಡು ಮಾತಾಡಿ ಹಗುರಾಗುತ್ತಿದ್ದೆ.

ಅವರು ಹೇಳಿದ್ದು ಇಷ್ಟು. ಈ ರೋಗದ ಮಕ್ಕಳಿಗೆ ಕಿಡ್ನಿಯ ಒಳಭಾಗದಲ್ಲಿಯೇ ಕುಡಗೋಲಿನ ಕಣಗಳು ಸಿಕ್ಕಿಕೊಂಡು, ನೀರು ಹಿಡಿದಿಟ್ಟುಕೊಳ್ಳುವ ಶಕ್ತಿ ಸಣ್ಣ ವಯಸ್ಸಿನಲ್ಲೇ ಹೋಗುತ್ತದೆ. ಅದಕ್ಕೇ ಅವಳು ಪದೇ ಪದೇ ಹೋಗುವುದು, ಅದಕ್ಕೇ ಹಾಸಿಗೆ ತೊಯ್ಯುವುದು. ಮೈಗಳ್ಳತನವಲ್ಲ, ಹಟವಲ್ಲ. “ನಿಮ್ಮ ಊರ ಕಾಲುವೀ ಗೇಟ್ ತುಕ್ಕ ಹಿಡದು ತೆರದ ನಿಂತ್ರ ಹೆಂಗ್ರಿ, ಹಂಗ. ಹಿಂದ ನೀರ ಬಂದ್ರೂ ಹರೀತೈತಿ, ಬರದಿದ್ರೂ ಇದ್ದದ್ದು ಹರದ ಹೋಗತೈತಿ. ನೀವು ನೀರ ಬಂದ್ ಮಾಡಿದ್ರ ಉಚ್ಚಿ ನಿಂದ್ರೂದಿಲ್ಲ, ರಕ್ತದಾಗಿನ ನೀರ ಒಣಗತೈತಿ.” ರಕ್ತ ಒಣಗಿದಷ್ಟೂ ಕಣಗಳು ಬಾಗುತ್ತವೆ, ಬಾಗಿದಷ್ಟೂ ಸಿಕ್ಕಿಕೊಳ್ಳುತ್ತವೆ. ಅಂದು ಅವು ಸಿಕ್ಕಿಕೊಂಡದ್ದು ಕಿಡ್ನಿಯಲ್ಲಿ. ಅಲ್ಲಿಯ ಒಂದಿಷ್ಟು ಭಾಗಕ್ಕೆ ಪೆಟ್ಟಾಗಿ ರಕ್ತ ಸೋರುತ್ತಿತ್ತು. ಇದು ನಿಲ್ಲುತ್ತದೆ, ಆದರೆ ಕೆಟ್ಟ ಭಾಗ ತಿರುಗಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬೇಕಾದರೆ ಹಗಲೂ ರಾತ್ರಿ ನೀರು ಬೇಕು ಎಂದರು.

ನನಗೆ ನನ್ನ ಮೇಲೇ ಅಸಹ್ಯವಾಯಿತು. ಅಟ್ಟದ ಮೇಲೆ ಬಾಟಲಿ ಇಟ್ಟ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ. ವರ್ಷಗಟ್ಟಲೆ ದೀಪ ಹಚ್ಚಿದ ಮೇಲೆ ನೀರಿಲ್ಲ ಎಂದು ಕಾನೂನು ಮಾಡಿದವಳೂ ನಾನೇ ಅಲ್ಲವೆ?

ಮಗಳಿಗೆ ಮಾತ್ರ ಆಸ್ಪತ್ರೆ ಹಿಡಿಸಿತು. ನರ್ಸ್ ಅವಳಿಗೆ ಗೆರೆ ಹಾಕಿದ ಪ್ಲಾಸ್ಟಿಕ್ ಜಗ್ಗು ಕೊಟ್ಟು, ಪ್ರತಿ ಸಲ ಅದರಲ್ಲೇ ಹೋಗು, ಎಷ್ಟಾಯಿತು ಬರೆದಿಡುತ್ತೇನೆ ಎಂದಿದ್ದರು. ಇಷ್ಟು ವರ್ಷ ಬೈಗುಳ ತಂದ ಕೆಲಸಕ್ಕೆ ಈಗ ಶಾಭಾಸ್‌ಗಿರಿ. ಗೆರೆ ದಾಟಿದಾಗಲೆಲ್ಲ ಪಕ್ಕದ ಮಂಚದವರಿಗೂ ತೋರಿಸಿ ಬರುತ್ತಿದ್ದಳು. ಅತ್ತೆ ದಿನಾ ಮುಂಜಾನೆ ಫೋನು ಮಾಡಿ ಬಣ್ಣ ಕೇಳುತ್ತಿದ್ದರು. ಮೊದಲ ದಿನ ಕೋಕಂ, ಎರಡನೆಯ ದಿನ ದಾಳಿಂಬೆ, ಮೂರನೆಯ ದಿನ ಗುಲಾಬಿ ಶರಬತ್ತು. ಐದನೆಯ ದಿನ ಕಬ್ಬಿನ ಹಾಲು ಎಂದಾಗ ಅತ್ತೆ ಫೋನಿನಲ್ಲೇ ಅತ್ತರು. ಆಮೇಲೆ ನಮ್ಮ ಮನೆಯಲ್ಲಿ ಬಹಳ ದಿನ ಯಾರೂ ಶರಬತ್ತು ಕುಡಿಯಲಿಲ್ಲ.

ಮನೆಗೆ ಬಂದ ಮೇಲೆ ದೊಡ್ಡ ಬಾಟಲಿ ತಂದೆವು. ಶಾಲೆಯಲ್ಲಿ ಎರಡು, ಮನೆಯಲ್ಲಿ ಎರಡು ಎಂದು ನಿಯಮ. ಶಾಲೆಯಲ್ಲಿ ಒಂದು ತಾಸಿಗೆ ಎರಡು ಸಲ ಹೊರಗೆ ಬಿಡುವುದಿಲ್ಲ ಎಂದರಂತೆ. ನಾನು ಡ್ಯೂಟಿಯ ನಡುವೆ ಖಾಕಿಯಲ್ಲೇ, ಟಿಕೆಟ್ ಮಷಿನ್ ಕೊರಳಿಗೆ ಹಾಕಿಕೊಂಡು ಹೋಗಿ ಡಾಕ್ಟರಮ್ಮನ ಚೀಟಿ ತೋರಿಸಿದೆ. ಸಮಾಧಾನವಾಗಿ ಮಾತಾಡಬೇಕೆಂದು ನಿಶ್ಚಯ ಮಾಡಿಕೊಂಡೇ ಹೋಗಿದ್ದೆ, ಆದರೆ ಬಸ್ಸಿನಲ್ಲಿ ಕೂಗಿ ಕೂಗಿ ನನ್ನ ಪಿಸುಮಾತೂ ಹಿಂದಿನ ಸೀಟಿಗೆ ಕೇಳಿಸುವಂಥದ್ದು. ನಾಲ್ಕನೆಯ ತರಗತಿಯ ಮಕ್ಕಳೆಲ್ಲ ಕಿಟಕಿಗೆ ಬಂದು ನಿಂತರು. ಹೆಡ್ಮಾಸ್ತರರು ಪಾಪ, ಇವಳು ಕೇಳದೆಯೇ ಎದ್ದು ಹೋಗಬಹುದು ಎಂದು ಬರೆದೇ ಕೊಟ್ಟರು.

ಗೆದ್ದೆ ಎಂದುಕೊಂಡೆ. ಬಾಟಲಿ ದಿನಾ ಖಾಲಿಯಾಗಿ ಬರುತ್ತಿತ್ತು. ಆದರೆ ತುಟಿ ಒಡೆಯುತ್ತಿತ್ತು, ಕಾಲುನೋವು ಮತ್ತೆ ಶುರುವಾಯಿತು, ತಪಾಸಣೆಗೆ ಹೋದಾಗ ಡಾಕ್ಟರಮ್ಮ ರಿಪೋರ್ಟು ನೋಡಿ ಹುಬ್ಬು ಗಂಟಿಕ್ಕಿದರು. ಹೀಗೇ ಆದರೆ ಕಿಡ್ನಿ ಇನ್ನೊಂದು ಪೆಟ್ಟು ತಾಳುವುದಿಲ್ಲ ಎಂದರು. ನಮಗೆ ತಲೆ ಬುಡ ತಿಳಿಯಲಿಲ್ಲ. ತಿಳಿದದ್ದು ಪಾಲಕರ ಸಭೆಯಲ್ಲಿ. ಅವಳ ತರಗತಿಯ ಅಕ್ಕೋರು ಎಲ್ಲರೆದುರಿಗೆ ನನ್ನ ಮಗಳನ್ನು ಎಬ್ಬಿಸಿ ಹೊಗಳಿದರು. ಈ ಹುಡುಗಿಗೆ ಗಿಡಗಳ ಮೇಲೆ ಎಷ್ಟು ಪ್ರೀತಿಯೆಂದರೆ, ದಿನಾ ತನ್ನ ಬಾಟಲಿಯ ನೀರನ್ನೆಲ್ಲ ಶಾಲೆಯ ಕರಿಬೇವಿನ ಗಿಡಕ್ಕೆ ಹಾಕುತ್ತಾಳಂತೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕರಿಬೇವು ನಿಜಕ್ಕೂ ಆಳೆತ್ತರ ಬೆಳೆದಿತ್ತು.

ಮನೆಗೆ ಬಂದು ಅವಳನ್ನು ಎದುರಿಗೆ ನಿಲ್ಲಿಸಿಕೊಂಡೆ. ಮಕ್ಕಳು ಆಡಿಕೊಳ್ಳುತ್ತಾರೇನು ಎಂದು ಕೇಳಿದೆ. ಬೋರ್‌ವೆಲ್ ಅಂತಾರೆ, ಅನ್ನಲಿ, ಅದಕ್ಕಲ್ಲ ಎಂದಳು. ಮತ್ಯಾಕೆ ಎಂದೆ.

“ದೊಡ್ಡಾಕಿ ಆದಮ್ಯಾಲ ನಾನೂ ನಿನ್ನಂಗ ಕಂಡಕ್ಟರ್ ಆಗಾಕಿ ಅದೇನಿ. ನೀ ದಿನಾ ನೀರ ಕುಡೀದ ಇರ್ತೀಯಲ್ಲ. ಅದಕ ಈಗಿಂದನ ರೂಢಿ ಮಾಡಾಕತ್ತೇನಿ.”

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಮಾತನ್ನು ಎಷ್ಟೋ ಮದುವೆಗಳಲ್ಲಿ ಕೇಳಿ ತಲೆಯಾಡಿಸಿದ್ದೆ. ಅಂದು ಅದು ನನ್ನ ಕೆನ್ನೆಗೇ ಬಾರಿಸಿತು. ಅವಳನ್ನು ಹತ್ತಿರ ಎಳೆದುಕೊಂಡು, ನಾನು ಮಾಡುತ್ತಿರುವುದು ಜಾಣತನವಲ್ಲ, ದಡ್ಡತನ ಎಂದು ಹೇಳಿದೆ. ಅವಳು ಕಂಡಕ್ಟರ್ ಮಗಳು, ಬಾಯಿಮಾತು ನಂಬುವುದಿಲ್ಲ. ಹಾಗಾದರೆ ನೀನೂ ಕುಡಿ, ನೀನು ಒಂದು ವಾಟಗ ಕುಡಿದರೆ ನಾನು ಒಂದು ವಾಟಗ ಎಂದಳು. ಒಪ್ಪಿದೆ. ಒಪ್ಪಿ, ಮನೆಯಲ್ಲಿ ಅವಳೆದುರಿಗೆ ಗಟಗಟ ಕುಡಿದು, ಬಸ್ಸು ಹತ್ತಿದ ಮೇಲೆ ಮತ್ತೆ ಒಂಟೆಯಾದೆ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ. ಇದನ್ನು ಅವಳ ಕಿವಿಗೆ ಹಾಕಿದವರು ಡ್ರೈವರ್ ಕಾಕಾ, ನಗುತ್ತ ನಗುತ್ತ. ಆ ದಿನ ಸಂಜೆ ಅವಳು ವಾಟಗ ಮುಟ್ಟಲಿಲ್ಲ.

ಮೊನ್ನೆ ಮತ್ತೆ ತಪಾಸಣೆ ಇತ್ತು. ನನ್ನ ಗಂಡ ಅವಳನ್ನು ಘಟಪ್ರಭಾಕ್ಕೆ ಕರೆದುಕೊಂಡು ಹೋಗಿ ತೋರಿಸಿ, ತಾವು ಕೆಲಸಕ್ಕೆ ಹೋಗಬೇಕಾದ್ದರಿಂದ ಹುಕ್ಕೇರಿಗೆ ಹೊರಟಿದ್ದ ನನ್ನ ಬಸ್ಸಿಗೆ ಹತ್ತಿಸಿದರು. ಅತ್ತೆ ಹೊಲದಲ್ಲಿದ್ದರು, ಘೋಡಗೇರಿಯ ಮನೆಗೆ ಬೀಗ. ಹುಕ್ಕೇರಿಗೆ ಹೋಗಿ ಬರುವಾಗ ಇಳಿದರಾಯಿತು ಎಂದು ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ಅವಳ ತೊಡೆಯ ಮೇಲೆ ದೊಡ್ಡ ಬಾಟಲಿ ಇತ್ತು. ರಿಪೋರ್ಟು ಹೇಗಿದೆ ಎಂದರೆ, ನೀರು ಸಾಲದು ಅಂದರು ಎಂದಳು. ಬಾಟಲಿಯ ಮುಚ್ಚಳ ತೆಗೆದು ನನ್ನ ಕಡೆ ಹಿಡಿದಳು. ಹೆಂಗಸರಿಗೆ ಟಿಕೆಟ್ ಉಚಿತವಾದ ಮೇಲೆ ನಮ್ಮ ಬಸ್ಸಿನಲ್ಲಿ ಸಾಸಿವೆ ಹಾಕಲೂ ಜಾಗವಿರುವುದಿಲ್ಲ, ಅಷ್ಟೂ ಜನ ನೋಡುತ್ತಿದ್ದರು. ನಾನು ಕುಡಿದೆ. ಅವಳು ಕುಡಿದಳು. ಮುಂದಿನ ಸ್ಟಾಪಿಗೆ ಮತ್ತೆ ಹಿಡಿದಳು. ನಾನು ಮತ್ತೆ ಕುಡಿದೆ.

ಹನ್ನೆರಡು ವರ್ಷ ರೂಢಿಯಿಲ್ಲದ ಹೊಟ್ಟೆ. ಘೋಡಗೇರಿ ದಾಟುವ ಹೊತ್ತಿಗೆ ನನಗೆ ಕಂಬ ಹಿಡಿದು ನಿಲ್ಲುವುದೂ ಕಷ್ಟವಾಯಿತು. ಯಾರದೋ ಆಧಾರ್ ಕಾರ್ಡು ಉಲ್ಟಾ ಹಿಡಿದು ನೋಡಿದೆ. ಒಬ್ಬ ಮುದುಕನಿಗೆ ಎರಡು ಸಲ ಟಿಕೆಟ್ ಕೊಟ್ಟೆ. ಹುಕ್ಕೇರಿ ಇನ್ನೂ ದೂರವಿತ್ತು. ಕೋಳಿ ಹಾರಿಹೋಯಿತೆಂದು ಈ ಬಸ್ಸು ನಿಲ್ಲಿಸಿದ್ದೇನೆ, ಟೊಪ್ಪಿಗೆ ಬಿತ್ತೆಂದು ನಿಲ್ಲಿಸಿದ್ದೇನೆ. ನನಗಾಗಿ ನಿಲ್ಲಿಸಲು ಸೀಟಿ ಬಾಯಿಗೆ ಇಟ್ಟರೂ ಉಸಿರು ಬರಲಿಲ್ಲ. ಮಗಳು ನನ್ನ ಮುಖ ನೋಡಿದಳು. ಆ ಮುಖ ಅವಳಿಗೆ ಚೆನ್ನಾಗಿ ಗೊತ್ತು, ಎಂಟು ವರ್ಷ ಅದೇ ಮುಖ ಹೊತ್ತು ಬೈಸಿಕೊಂಡವಳು. ಎದ್ದು ಡ್ರೈವರ್ ಕಾಕಾನ ಹಿಂದೆ ಹೋಗಿ ನಿಂತಳು.

“ಕಾಕಾ, ಗಾಡಿ ನಿಂದರಸ್ರಿ. ನಮ್ಮವ್ವ ಒಂದಕ್ಕ ಹೋಗಬೇಕಾಗೇತಿ.”

ನನ್ನ ಗಂಟಲು ಅವಳಿಗೆ ಬಂದಿದೆ. ಹಿಂದಿನ ಸೀಟಿನ ತನಕ ಕೇಳಿಸಿತು. ನನಗೆ ನೆಲ ಬಾಯಿಬಿಡಬಾರದೆ ಅನಿಸಿತು. ಕಾಕಾ ರಸ್ತೆಯ ಬದಿಯ ಒಂದು ತೋಟದ ಮನೆಯ ಮುಂದೆ ಬಸ್ಸು ನಿಲ್ಲಿಸಿದರು. ಮನೆಯ ಬಾಜೂ ಪಾಯಖಾನೆ ಕಾಣುತ್ತಿತ್ತು. ನಾನು ಯಾರ ಮುಖವನ್ನೂ ನೋಡದೆ ಇಳಿದು, ಶೇಂಗಾ ಒಡೆಯುತ್ತ ಕುಳಿತಿದ್ದ ಮನೆಯವಳನ್ನು ಕೇಳಿದೆ. ಹೋಗ್ರಿ, ಅದಕ್ಕೇನು ಕೇಳೋದು ಎಂದಳು.

ಹೊರಗೆ ಬಂದೆ. ಬಾಗಿಲ ಮುಂದೆ ಒಬ್ಬ ಮುದುಕಿ ನಿಂತಿದ್ದಳು. ಅವಳ ಹಿಂದೆ ಕೂಸನ್ನು ಬಗಲಲ್ಲಿ ಹೊತ್ತವಳು, ಅವಳ ಹಿಂದೆ ಇಬ್ಬರು ಕಾಲೇಜಿನ ಹುಡುಗಿಯರು, ಒಬ್ಬ ನರ್ಸ್, ಬುಟ್ಟಿ ಬಸ್ಸಿನಲ್ಲೇ ಬಿಟ್ಟು ಬಂದ ಕಾಯಿಪಲ್ಯದವಳು. ಸಾಲು ಬಸ್ಸಿನ ಮೆಟ್ಟಿಲ ತನಕ ಇತ್ತು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಬಸ್ಸಿನಲ್ಲಿ ಗಂಡಸರಷ್ಟೇ ಉಳಿದು, ಅರ್ಧ ಖಾಲಿಯಾದ ಸೀಟುಗಳ ನಡುವೆ ಮಿಕಿಮಿಕಿ ನೋಡುತ್ತಿದ್ದರು.

ಮಗಳು ನನ್ನ ಪಕ್ಕಕ್ಕೆ ಬಂದು ನಿಂತು ಆ ಸಾಲನ್ನು ಈ ತುದಿಯಿಂದ ಆ ತುದಿಯ ತನಕ ನೋಡಿದಳು. ಆಮೇಲೆ ನನ್ನ ಸೆರಗು ಜಗ್ಗಿದಳು.

“ಅವ್ವಾ, ಇವರಿಗೆಲ್ಲಾರಿಗೂ ನನ್ನಂಗ ಸಿಕಲ್ ಸೆಲ್ ಐತೇನ?”

ಇಲ್ಲ ಎಂದೆ. ಮತ್ತೆ ಯಾಕೆ ಯಾರೂ ಬಸ್ಸು ನಿಲ್ಲಿಸಿ ಅನ್ನಲಿಲ್ಲ ಎಂದು ಕೇಳಿದಳು. ಬಾಟಲಿ ಕೊಡು ಎಂದು ಕೈ ಚಾಚಿದೆ. ಸಾಲಿನಲ್ಲಿದ್ದ ಅಷ್ಟೂ ಹೆಂಗಸರ ಎದುರಿಗೆ ಅರ್ಧ ಕುಡಿದು ಅವಳಿಗೆ ಕೊಟ್ಟೆ. ಉಳಿದ ಅರ್ಧವನ್ನು ಅವಳು ಒಂದು ಹನಿ ಬಿಡದೆ ಕುಡಿದಳು.